ಆಡಿದ ಮಾತಿಗೆ ‘ಅಸ್ತು’ ಎನ್ನುವವರು ಯಾರು?

ಪ್ರಶ್ನೆ: ನಾನು ಸುರಪುರ ತಾಲೂಕಿನ ಹಳ್ಳಿಯೊಂದರ ಗೃಹಿಣಿ. ಎರಡು ತಿಂಗಳ ಹಿಂದೆ, ಪಿಯುಸಿ ಓದುತ್ತಿರುವ ಮಗ ಓದುವುದು ಬಿಟ್ಟು ಗೆಳೆಯನ ಬೈಕಿನಲ್ಲಿ ತಿರುಗಲು ಹೊರಟಾಗ, ದೀಪ ಹಚ್ಚುವ ಹೊತ್ತು ಎನ್ನುವುದನ್ನೂ ಮರೆತು ‘ನಿನ್ನ ಕಾಲು ಮುರೀಲಿ, ಆಗರ ಮನ್ಯಾಗ ಕುಂದ್ರತಿ’ ಅಂದುಬಿಟ್ಟೆ. ನಾಲ್ಕೇ ದಿನಕ್ಕೆ ಉಸುಕಿನ ಮೇಲೆ ಬೈಕು ಜಾರಿ ಅವನ ಕಾಲು ಮುರಿಯಿತು. ‘ಮುಸ್ಸಂಜ್ಯಾಗ ಅಸ್ತು ದೇವತೆಗಳು ತಿರಗತಿರತಾರ, ನಿನ್ನ ಬಾಯೇ ಹುಡುಗನ ಕಾಲು ಮುರೀತು’ ಎಂದು ಅತ್ತೆಯವರು ದಿನಾ ಅನ್ನುತ್ತಾರೆ. ಅಂದಿನಿಂದ ಎರಡೂ ಹೊತ್ತು 108 ಸಲ ‘ಓಂ ನಮಃ ಶಿವಾಯ’ ಹೇಳುತ್ತಿದ್ದೇನೆ. ಮನಸ್ಸು ನಿಲ್ಲುವುದಿಲ್ಲ, ಅರ್ಥವೂ ಗೊತ್ತಿಲ್ಲ. ಒಳ್ಳೆಯ ಮಾತು ಕೇಳಿದರೆ ನೀರು ಕೂಡ ಬದಲಾಗುತ್ತದೆ ಎನ್ನುವ ವಿಡಿಯೋವನ್ನು ತಮ್ಮ ಕಳಿಸಿದ್ದಾನೆ. ಮಾತಿಗೆ ನಿಜವಾಗಿಯೂ ಇಷ್ಟು ಬಲವಿದೆಯೇ? ಅರ್ಥ ತಿಳಿಯದೆ ಮಾಡಿದ ಜಪ ವ್ಯರ್ಥವೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಮೊದಲ ಸಾಲಿನಲ್ಲಿಯೇ ಉತ್ತರ ಹೇಳಿಬಿಡುತ್ತೇನೆ, ತಾಯಿ. ನಿಮ್ಮ ಮಗನ ಕಾಲು ನಿಮ್ಮ ಮಾತಿನಿಂದ ಮುರಿಯಲಿಲ್ಲ, ಉಸುಕಿನ ಮೇಲೆ ಗಾಡಿ ಜಾರಿದ್ದರಿಂದ ಮುರಿಯಿತು. ಇದನ್ನು ಬರಿಯ ಸಮಾಧಾನಕ್ಕೆಂದು ಹೇಳುತ್ತಿಲ್ಲ. 32 ವರ್ಷ ಕಲಬುರಗಿಯಲ್ಲಿ ಕನ್ನಡವನ್ನೂ ಭಾಷಾಶಾಸ್ತ್ರವನ್ನೂ ಕಲಿಸಿ, ಮಾತಿನ ಅನ್ನವನ್ನೇ ಉಂಡು ಬದುಕಿದ ನಾನು ಮಾತಿಗೆ ಬಲವಿಲ್ಲವೆಂದು ಹೇಳಲಾರೆ. ಬಲವಿದೆ, ಆದರೆ ಗಾಳಿಯಲ್ಲಿ ಹಾರಿಹೋಗಿ ಎಲ್ಲಿಯೋ ರಸ್ತೆಯ ಮೇಲಿದ್ದ ಗಾಡಿಯನ್ನು ಉರುಳಿಸುವ ಬಲ ಅದಲ್ಲ. ಅದು ಕಿವಿಯ ದಾರಿಯಿಂದ ಮಾತ್ರ ಹೋಗುತ್ತದೆ, ಹೋದಲ್ಲಿ ಬಹಳ ದಿನ ಉಳಿಯುತ್ತದೆ. ಆ ಸಂಜೆ ನೀವು ಆಡಿದ ಮಾತನ್ನು ಕೇಳಿದ ಕಿವಿಗಳು ಮೂರು ಜನರವು: ನಿಮ್ಮ ಮಗನದು, ಅತ್ತೆಯವರದು ಮತ್ತು ನಿಮ್ಮದು. ನಾವು ನೋಡಬೇಕಾದ್ದು ಅಲ್ಲಿ.

ನಾನು ಬೆಳೆದದ್ದು ಭೀಮಾ ತೀರದ ಒಂದು ಹಳ್ಳಿಯಲ್ಲಿ. ನಮ್ಮ ಅವ್ವ ದಿನಕ್ಕೆ ಹತ್ತು ಸಲವಾದರೂ ‘ನಿನ್ನ ಹೆಣಾ ಎತ್ಲಿ’ ಎನ್ನುತ್ತಿದ್ದಳು, ಅದೇ ಉಸಿರಿನಲ್ಲಿ ‘ಉಣ್ಲಾಕ ಬಾ’ ಎಂದು ಕರೆಯುತ್ತಿದ್ದಳು. ಪಕ್ಕದ ಮನೆಯ ದೊಡ್ಡವ್ವ ಇನ್ನೂ ಒಂದು ಕೈ ಮೇಲು. ನಮ್ಮ ಕಡೆಯ ತಾಯಂದಿರ ಬೈಗುಳಕ್ಕೆಲ್ಲ ಯಾರಾದರೂ ‘ಅಸ್ತು’ ಎನ್ನುತ್ತ ಹೋಗಿದ್ದರೆ ಕೃಷ್ಣಾ ಭೀಮಾ ನದಿಗಳ ನಡುವೆ ಒಂದು ಮಗುವೂ ಹತ್ತು ವರ್ಷ ದಾಟುತ್ತಿರಲಿಲ್ಲ. ನೀವೂ ಇದೇ ಮಗನಿಗೆ ಇದಕ್ಕಿಂತ ಕೆಟ್ಟ ಮಾತು ಎಷ್ಟೋ ಸಲ ಅಂದಿರಬಹುದು; ಅವು ಸುಳ್ಳಾದವು, ಸುಳ್ಳಾದ್ದರಿಂದ ಮರೆತೂ ಹೋದವು. ನೂರರಲ್ಲಿ ಒಂದು ಮಾತು ಕಾಕತಾಳೀಯವಾಗಿ ನಡೆದದ್ದಕ್ಕೆ ಹೊಂದಿಕೊಂಡರೆ ಆ ಒಂದನ್ನು ಮನಸ್ಸು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಉಳಿದ ತೊಂಬತ್ತೊಂಬತ್ತು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಅಸ್ತು ದೇವತೆಗಳ ನಂಬಿಕೆಯನ್ನು ಹಿರಿಯರು ಸುಮ್ಮನೆ ಕಟ್ಟಿದರೇ ಎಂದರೆ, ಇಲ್ಲ. ಮುಸ್ಸಂಜೆಯ ಹೊತ್ತನ್ನು ನೆನಪಿಸಿಕೊಳ್ಳಿ. ಹೊಲದಿಂದ ಬಂದವರಿಗೆ ದಣಿವು, ಮಕ್ಕಳಿಗೆ ಹಸಿವು, ದನ ಕಟ್ಟಬೇಕು, ದೀಪ ಹಚ್ಚಬೇಕು, ಒಲೆ ಹೊತ್ತಿಸಬೇಕು. ಮನೆಯಲ್ಲಿ ಬಾಯಿ ಜಾರುವುದು ಈ ಹೊತ್ತಿನಲ್ಲಿಯೇ ಹೆಚ್ಚು. ಆ ಒಂದು ಗಳಿಗೆ ನಾಲಿಗೆಯನ್ನು ಹಿಡಿಯಲು ಹಿರಿಯರು ಇಟ್ಟ ಮೂಗುದಾರ ಇದು ಎಂದು ನಾನು ತಿಳಿದಿದ್ದೇನೆ. ಆಡುವ ಮೊದಲು ನೆನಪಾದರೆ ಅದರಿಂದ ಉಪಯೋಗವಿದೆ. ಆಡಿದ ಮೇಲೆ, ಅನಾಹುತವಾದ ಮೇಲೆ, ಅದೇ ಹಗ್ಗದಿಂದ ಮನೆಯ ಸೊಸೆಯನ್ನು ಹೊಡೆಯುವುದು ಆ ನಂಬಿಕೆಯ ದುರುಪಯೋಗ. ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವುದು, ದೀಪ ಆರಿಸು ಎನ್ನದೆ ಶಾಂತ ಮಾಡು ಎನ್ನುವುದು, ರಾತ್ರಿ ಹಾವನ್ನು ‘ಹುಳ’ ಎನ್ನುವುದು, ಇವೂ ಇದೇ ಬಗೆಯವು. ಮೈಮೇಲೆ ಗುಳ್ಳೆ ಎದ್ದ ಮಗುವಿಗೆ ‘ಅಮ್ಮ ಬಂದಾಳ’ ಎಂದಾಗ ರೋಗದ ಹೆಸರು ಮಾತ್ರವಲ್ಲ, ಮನೆಯವರ ನಡೆಯೂ ಬದಲಾಗುತ್ತದೆ: ಗದ್ದಲ ನಿಲ್ಲುತ್ತದೆ, ಬೇವಿನ ಎಲೆ ಬರುತ್ತದೆ, ಮಗುವಿನ ಹತ್ತಿರ ಮೆತ್ತಗೆ ಮಾತಾಡುತ್ತಾರೆ. ಆ ಹೆಸರಿನಿಂದ ರೋಗ ಹೋಗುವುದಿಲ್ಲ, ಡಾಕ್ಟರಿಗೆ ತೋರಿಸಲೇಬೇಕು. ಆದರೆ ಹೆಸರು ಕೇಳಿದವರ ಕೈಕಾಲುಗಳು ಬೇರೆ ರೀತಿಯಲ್ಲಿ ಚಲಿಸುತ್ತವೆ.

ತಮ್ಮ ಕಳಿಸಿದ ವಿಡಿಯೋವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ನೀರಿನ ಹರಳುಗಳ ಆ ಚಿತ್ರಗಳು ಜಪಾನಿನ ಮಸಾರು ಎಮೋಟೊ ಎಂಬವರಿಂದ ಹಬ್ಬಿದವು. ವಿಜ್ಞಾನಿಗಳು ಅವನ್ನು ಪ್ರಮಾಣವೆಂದು ಒಪ್ಪಿಲ್ಲ. ನೀರಿಗೆ ಕಿವಿ ಇಲ್ಲ.

ಕಿವಿ ಇದ್ದವರ ವಿಷಯಕ್ಕೆ ಬಂದರೆ, ನಮ್ಮ ನಾಡಿನದೇ ಒಂದು ಹಳೆಯ ಸಾಕ್ಷಿ ಇದೆ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಧರ್ಮಶಾಸ್ತ್ರಕ್ಕೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಆಸ್ತಿ ಪಾಲಿನ ವಿಷಯದಲ್ಲಿ ಇಂದಿಗೂ ವಕೀಲರ ಬಾಯಲ್ಲಿರುವ ಗ್ರಂಥ ಅದು. ಅದರಲ್ಲಿ ‘ವಾಕ್ಪಾರುಷ್ಯ’ ಎಂಬ ಒಂದು ಪ್ರಕರಣವಿದೆ. ಮಾತಿನಿಂದ ಮಾಡಿದ ಗಾಯಕ್ಕೆ ರಾಜನು ಕೊಡಬೇಕಾದ ದಂಡದ ವಿಚಾರ ಅಲ್ಲಿ ಬರುತ್ತದೆ. ಅಂಗ ಊನವಾದವರನ್ನು, ಇಂದ್ರಿಯ ಊನವಾದವರನ್ನು, ರೋಗಿಗಳನ್ನು ಹೀಯಾಳಿಸುವವರಿಗೆ ದಂಡವಿದೆ, ಆ ಹೀಯಾಳಿಕೆ ಮೂರು ವಿಧ ಎನ್ನುತ್ತದೆ ಶಾಸ್ತ್ರ. ಕಣ್ಣಿದ್ದವನನ್ನು ಕುರುಡ ಎನ್ನುವುದು ಸುಳ್ಳು ಹೇಳಿ ಮಾಡುವ ಅವಮಾನ. ವಿಕಾರ ರೂಪದವನನ್ನು ‘ಎಷ್ಟು ಚೆಲುವ ನೀನು’ ಎನ್ನುವುದು ಹೊಗಳಿದಂತೆ ಮಾಡಿ ಚುಚ್ಚುವ ಅವಮಾನ. ಮೂರನೆಯದು ನಮ್ಮನ್ನು ಬೆಚ್ಚಿಬೀಳಿಸುವಂಥದು: ಎರಡೂ ಕಣ್ಣಿಲ್ಲದವನನ್ನು ಕುರುಡ ಎನ್ನುವುದು. ಅದು ನಿಜವೇ, ಆದರೂ ದಂಡ ತಪ್ಪುವುದಿಲ್ಲ. ‘ಇದ್ದದ್ದು ಇದ್ದಂಗ ಹೇಳೀನಿ’ ಎಂದು ಎದೆ ತಟ್ಟಿಕೊಳ್ಳುವವರಿಗೆ ಒಂಬೈನೂರು ವರ್ಷಗಳ ಹಿಂದೆಯೇ ಕಲ್ಯಾಣದಲ್ಲಿ ಕುಳಿತು ಕೊಟ್ಟ ಉತ್ತರ ಇದು. ವರ್ಣ ಜಾತಿಗಳ ಭೇದದಿಂದ ದಂಡದ ಪ್ರಮಾಣವನ್ನು ಬದಲಿಸುವ ಆ ಶಾಸ್ತ್ರದ ಎಷ್ಟೋ ಮಾತುಗಳನ್ನು ನಾನು ಒಪ್ಪುವುದಿಲ್ಲ. ಆದರೆ ಮಾತಿನ ಪೆಟ್ಟನ್ನು ಅದರ ನಿಜ ಸುಳ್ಳಿನಿಂದ ಅಳೆಯದೆ, ಕೇಳಿದವನ ನೋವಿನಿಂದ ಅಳೆಯಬೇಕೆಂಬ ಈ ಒಂದು ತಿಳಿವಳಿಕೆಗೆ ತಲೆಬಾಗುತ್ತೇನೆ.

ಆ ಅಳತೆಯಿಂದ ನಿಮ್ಮ ಮನೆಯನ್ನು ನೋಡಿದರೆ ನನಗೆ ಕಾಣುವುದು ಇದು. ನೀವು ಸಿಟ್ಟಿನಲ್ಲಿ ಒಂದು ಸಲ ಆಡಿದ ಮಾತು ಮಗನಿಗೆ ನೋಯಿಸಿರಬಹುದು. ಅತ್ತೆಯವರು ಎರಡು ತಿಂಗಳಿಂದ ದಿನಾ ಆಡುತ್ತಿರುವ ಮಾತು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದೆ, ಏಕೆಂದರೆ ಅದು ನಿಮ್ಮ ಕಿವಿಯಲ್ಲಿ ಮಾತ್ರವಲ್ಲ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅದೇ ಪಡಸಾಲೆಯಲ್ಲಿ ಮಲಗಿರುವ ಹುಡುಗನ ಕಿವಿಯಲ್ಲಿಯೂ ಬೀಳುತ್ತಿದೆ. ತನ್ನ ತಾಯಿಯೇ ತನಗೆ ಕೇಡು ತಂದಳು ಎಂಬ ಮಾತನ್ನು ಅವನು ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದಾನೆ? ಹಿರಿಯರನ್ನು ದೂರುವುದು ನನ್ನ ಉದ್ದೇಶವಲ್ಲ. ಮೊಮ್ಮಗ ಬಿದ್ದ ಭಯ ಅವರದು, ಆ ಭಯಕ್ಕೆ ಒಂದು ಕಾರಣ ಬೇಕಾಗಿತ್ತು, ಕೈಗೆ ಸಿಕ್ಕ ಕಾರಣ ನೀವು. ‘ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು’ ಎನ್ನುತ್ತೇವಲ್ಲ, ಆ ಗಾದೆಯ ಒಲೆಯನ್ನು ಸ್ವಲ್ಪ ಗಮನಿಸಿ. ತೂತಾದ ಒಲೆ ಒಂದೇ ದಿನಕ್ಕೆ ಕುಸಿಯುವುದಿಲ್ಲ. ದಿನಾ ಅಷ್ಟಷ್ಟು ಉರಿ ಹೊರಗೆ ಹೋಗುತ್ತದೆ, ಕಟ್ಟಿಗೆ ಹೆಚ್ಚು ಬೇಕಾಗುತ್ತದೆ, ಅಡುಗೆ ತಡವಾಗುತ್ತದೆ. ದಿನಾ ಆಡುವ ಸಣ್ಣ ಮಾತಿನ ಕೆಲಸವೂ ಹಾಗೆಯೇ.

ಮಾತಿನ ಬಲ ಕಿವಿಯಲ್ಲಿದೆ ಎಂಬುದನ್ನು ನಮ್ಮ ಆಚರಣೆಗಳು ಶಾಸ್ತ್ರಕ್ಕಿಂತ ಚೆನ್ನಾಗಿ ಬಲ್ಲವು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಾಗಿ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ, ಸುತ್ತಲಿನ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಹೆಸರು ಊರಿಗೆಲ್ಲ ತಿಳಿಯುವ ಮೊದಲು ಆ ಕಿವಿಗೆ ತಿಳಿಯಬೇಕು. ಮುಸಲ್ಮಾನರ ಮನೆಯಲ್ಲಿ ಆಗ ತಾನೇ ಹುಟ್ಟಿದ ಮಗುವಿನ ಬಲಗಿವಿಯಲ್ಲಿ ಅಜಾನ್ ಹೇಳುತ್ತಾರೆ. ಲಿಂಗದೀಕ್ಷೆಯಲ್ಲಿ ಗುರು ಮಂತ್ರವನ್ನು ಕಿವಿಯಲ್ಲಿ ಉಸುರುತ್ತಾನೆ. ಬರೆದು ಕೈಗೆ ಕೊಟ್ಟರೂ ಆಗುತ್ತಿತ್ತಲ್ಲ? ಆಗುವುದಿಲ್ಲ. ಯಾರು ಹೇಳಿದರು, ಎಷ್ಟು ಹತ್ತಿರ ಬಂದು ಹೇಳಿದರು ಎಂಬುದೂ ಆ ಮಾತಿನೊಳಗೆ ಸೇರಿದೆ.

ಕೆಲವು ಮಾತುಗಳು ಸುದ್ದಿ ಹೇಳುವುದಿಲ್ಲ, ಕೆಲಸವನ್ನೇ ಮಾಡುತ್ತವೆ ಎಂಬ ವಿಚಾರವನ್ನು ಇಂಗ್ಲೆಂಡಿನ ತತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸಗಳಲ್ಲಿ ವಿಸ್ತರಿಸಿದರು. ‘ಆಣೆ ಮಾಡುತ್ತೇನೆ’ ಎಂದರೆ ಆಣೆಯ ವರ್ಣನೆಯಲ್ಲ, ಆ ಮಾತೇ ಆಣೆ. ಕನ್ನಡಕ್ಕೆ ಇದು ಹೊಸದಾಗಿ ಕಲಿಯಬೇಕಾದ ಪಾಠವೇನಲ್ಲ. ನಾವು ಮಾತು ಕೊಡುತ್ತೇವೆ, ಮಾತು ತೆಗೆದುಕೊಳ್ಳುತ್ತೇವೆ, ಮಾತು ಉಳಿಸಿಕೊಳ್ಳುತ್ತೇವೆ, ಜಗಳವಾದರೆ ಮಾತು ಬಿಡುತ್ತೇವೆ. ಕೈಯಿಂದ ಕೈಗೆ ಹೋಗುವ ವಸ್ತುವಿನಂತೆ ಅದನ್ನು ನಡೆಸಿಕೊಳ್ಳುತ್ತೇವೆ. ಆದರೆ ಆಸ್ಟಿನ್ ಹೇಳಿದ ಇನ್ನೊಂದು ಅಂಶ ನಿಮಗೆ ಬೇಕಾದದ್ದು. ಇಂಥ ಮಾತು ಕೆಲಸ ಮಾಡಬೇಕಾದರೆ ತಕ್ಕ ಸಂದರ್ಭ, ತಕ್ಕ ವ್ಯಕ್ತಿ, ತಕ್ಕ ಉದ್ದೇಶ ಮೂರೂ ಕೂಡಿಬರಬೇಕು. ನಾಟಕದ ರಂಗದ ಮೇಲೆ ಕಟ್ಟಿದ ತಾಳಿಯಿಂದ ಮದುವೆಯಾಗುವುದಿಲ್ಲ. ಮಗ ರಾತ್ರಿ ರಸ್ತೆಯಲ್ಲಿ ತಿರುಗುತ್ತಾನಲ್ಲ ಎಂಬ ಭಯದಲ್ಲಿ ತಾಯಿ ಆಡಿದ ‘ಕಾಲು ಮುರೀಲಿ’ ಎಂಬುದರ ಒಳಗಿರುವ ಉದ್ದೇಶ ‘ಕಾಲು ಉಳಿಯಲಿ’ ಎಂಬುದೇ. ಅದು ಶಾಪವಾಗಲು ಬೇಕಾದ ಒಂದು ಅಂಗವೂ ಅದರಲ್ಲಿಲ್ಲ.

ಇನ್ನು ಜಪದ ವಿಷಯ. ಅರ್ಥ ತಿಳಿಯದ ಮಂತ್ರದ ಪ್ರಶ್ನೆ ಬಹಳ ಹಳೆಯದು. ವೇದದ ಪದಗಳ ಅರ್ಥ ಬಿಡಿಸುವ ‘ನಿರುಕ್ತ’ ಎಂಬ ಪ್ರಾಚೀನ ಗ್ರಂಥವನ್ನು ಬರೆದ ಯಾಸ್ಕನು ಕೌತ್ಸ ಎಂಬವನ ವಾದವನ್ನು ಎತ್ತಿಕೊಳ್ಳುತ್ತಾನೆ. ಮಂತ್ರಗಳಿಗೆ ಅರ್ಥವೇ ಇಲ್ಲ, ಅವುಗಳ ಪದಗಳನ್ನು ಬದಲಿಸುವಂತಿಲ್ಲ, ಹಿಂದುಮುಂದು ಮಾಡುವಂತಿಲ್ಲ, ಆದ್ದರಿಂದ ಅವು ಬರಿಯ ಧ್ವನಿ ಎನ್ನುವುದು ಕೌತ್ಸನ ಮಾತು. ಯಾಸ್ಕ ಒಪ್ಪುವುದಿಲ್ಲ. ಕುರುಡನಿಗೆ ಕಂಬ ಕಾಣದಿದ್ದರೆ ಅದು ಕಂಬದ ತಪ್ಪಲ್ಲ ಎನ್ನುತ್ತಾನೆ. ವೇದ ಕಲಿತು ಅರ್ಥ ತಿಳಿಯದವನು ಭಾರ ಹೊತ್ತ ಮೋಟುಮರ ಎಂಬ ಕಟುವಾದ ಮಾತನ್ನೂ ಉದಾಹರಿಸುತ್ತಾನೆ. ನನ್ನ ಒಲವು ಯಾಸ್ಕನ ಕಡೆಗೇ ಇದೆಯಾದರೂ ಕೌತ್ಸನನ್ನು ಪೂರ್ತಿ ಕೈಬಿಡಲಾರೆ. ನಿಮ್ಮ ತಾಲೂಕಿನ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಹೋದವರು ನೀವು. ಅಲ್ಲಿಯ ಜಯಘೋಷ ಓಂಕಾರದಿಂದ ಹೊರಟು ಪೀರರ ಹೆಸರಿಗೆ ಹೋಗುತ್ತದೆ. ಅದರ ಪದಪದದ ಅರ್ಥವನ್ನು ಬಿಡಿಸಿ ಹೇಳಬಲ್ಲವರು ಆ ಜನಸಾಗರದಲ್ಲಿ ಎಷ್ಟು ಮಂದಿ ಸಿಕ್ಕಾರು? ಹಾಗೆಂದು ಅದು ವ್ಯರ್ಥವೇ? ಹಿಂದೂ, ಮುಸಲ್ಮಾನ ಎನ್ನದೆ ಅಲ್ಲಿ ನಿಂತವರೆಲ್ಲ ಒಂದೇ ಉಸಿರಿನಲ್ಲಿ ಕೂಗುವುದೇ ಅದರ ಕೆಲಸ.

ಉಸಿರು ಎಂದದ್ದಕ್ಕೆ ಒಂದು ಪ್ರಯೋಗ ನೆನಪಾಗುತ್ತದೆ. ಇಟಲಿಯ ವೈದ್ಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ 23 ಜನ ಆರೋಗ್ಯವಂತರಿಂದ ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಎಂಬ ಬೌದ್ಧ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು 6 ಸಲಕ್ಕೆ ಇಳಿಯಿತು, ರಕ್ತದೊತ್ತಡವನ್ನು ಸಮತೂಕದಲ್ಲಿಡುವ ದೇಹದ ವ್ಯವಸ್ಥೆ ಹೆಚ್ಚು ಚುರುಕಾಯಿತು. ಮತ ಬೇರೆ, ಭಾಷೆ ಬೇರೆ, ಲಯ ಒಂದೇ. ಅಂದರೆ ಅರ್ಥಕ್ಕೆ ಮೊದಲೇ ಜಪವು ಉಸಿರನ್ನು ತಿದ್ದುತ್ತದೆ, ನಿಧಾನವಾಗಿ ಹೇಳಿದರೆ ಮಾತ್ರ. ಗ್ಯಾಸಿನ ಮೇಲೆ ಹಾಲಿಟ್ಟು ಬಂದು 108ರ ಲೆಕ್ಕ ಮುಗಿಸುವ ಅವಸರದಲ್ಲಿ ಹೇಳಿದರೆ ಆ ಲಾಭವೂ ಸಿಗುವುದಿಲ್ಲ.

ಇನ್ನೊಂದು ಪಕ್ಷವನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1802 ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಪರಿಚಿತರು ದೂರದಿಂದ ಅವರಲ್ಲಿ ಕೆಲವರಿಗಾಗಿ ಪ್ರಾರ್ಥಿಸಿದರು. ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದ ಎರಡು ಗುಂಪುಗಳಲ್ಲಿ ತೊಡಕುಗಳ ಪ್ರಮಾಣ ನೂರಕ್ಕೆ 52 ಮತ್ತು 51. ವ್ಯತ್ಯಾಸವೇ ಇಲ್ಲ ಎನ್ನಬಹುದು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದವರಲ್ಲಿ ಅದು 59 ಇತ್ತು. ಅದು ಆಕಸ್ಮಿಕವೂ ಇರಬಹುದು. ‘ನನ್ನ ಸ್ಥಿತಿ ಅಷ್ಟು ಗಂಭೀರವೇ’ ಎಂಬ ಅಂಜಿಕೆಯೂ ಇರಬಹುದು. ಮಗನ ಎಲುಬು ಬೇಗ ಕೂಡಲಿ ಎಂದು ನೀವು ಜಪ ಮಾಡುತ್ತಿದ್ದರೆ, ಆ ಕೆಲಸವನ್ನು ಎಲುಬಿನ ಡಾಕ್ಟರಿಗೆ ಬಿಡಿ. ಜಪಕ್ಕೆ ಬೇರೆ ಕೆಲಸವಿದೆ.

ಆ ಕೆಲಸ ಯಾವುದು ಎಂಬುದನ್ನು ನೀವು ಹೇಳುತ್ತಿರುವ ಮಂತ್ರವೇ ಹೇಳುತ್ತದೆ, ತಾಯಿ. ಅರ್ಥ ಗೊತ್ತಿಲ್ಲ ಎಂದಿರಲ್ಲ, ಕೇಳಿ. ‘ನಮಃ’ ಎಂದರೆ ಬಾಗುವುದು. ‘ಶಿವಾಯ’ ಎಂದರೆ ಶಿವನಿಗೆ; ‘ಶಿವ’ ಎಂಬ ಪದಕ್ಕೆ ಮಂಗಳಕರ, ಸೌಮ್ಯ ಎಂದು ಅರ್ಥ. ಈ ಎರಡು ಪದಗಳು ಜೊತೆಯಾಗಿ ಬರುವುದು ಕೃಷ್ಣ ಯಜುರ್ವೇದದ ಶತರುದ್ರೀಯದಲ್ಲಿ, ನಮ್ಮ ಗುಡಿಗಳಲ್ಲಿ ಅಭಿಷೇಕದ ಹೊತ್ತಿಗೆ ಹೇಳುವ ರುದ್ರದ ಎಂಟನೆಯ ಅನುವಾಕದಲ್ಲಿ, ಅಂದರೆ ಎಂಟನೆಯ ಭಾಗದಲ್ಲಿ. ಆದರೆ ಆ ರುದ್ರ ಆರಂಭವಾಗುವುದು ಎಲ್ಲಿಂದ? ‘ನಮಸ್ತೇ ರುದ್ರ ಮನ್ಯವೇ’ ಎಂದು. ಮನ್ಯು ಎಂದರೆ ಸಿಟ್ಟು. ‘ರುದ್ರನೇ, ನಿನ್ನ ಸಿಟ್ಟಿಗೆ ನಮಸ್ಕಾರ’ ಎಂಬುದು ಮೊದಲ ಸಾಲು. ಎದುರಿಗೆ ಬಿಲ್ಲು ಹಿಡಿದು ನಿಂತ ಉಗ್ರನಿದ್ದಾನೆ. ಬಾಣಗಳನ್ನು ಬೇರೆ ಕಡೆ ತಿರುಗಿಸು, ಬಿಲ್ಲಿನ ಹೆದೆ ಇಳಿಸು ಎಂದು ಕೇಳಿಕೊಳ್ಳುತ್ತ ಕೇಳಿಕೊಳ್ಳುತ್ತ, ಆ ಉಗ್ರನನ್ನೇ ‘ಶಿವ’ ಎಂದು, ‘ಶಿವತರ’ ಎಂದು, ಅಂದರೆ ಸೌಮ್ಯ, ಇನ್ನೂ ಸೌಮ್ಯ ಎಂದು ಕರೆಯುವಲ್ಲಿಗೆ ಬರುತ್ತಾರೆ. ಮುಂದೆ ಹತ್ತನೆಯ ಅನುವಾಕದಲ್ಲಿ ‘ಮಾ ನಸ್ತೋಕೇ ತನಯೇ’ ಎಂಬ ಮಾತು ಬರುತ್ತದೆ: ನಮ್ಮ ಮಕ್ಕಳಿಗೆ, ನಮ್ಮ ಸಂತಾನಕ್ಕೆ, ನಮ್ಮ ಆಯುಷ್ಯಕ್ಕೆ, ನಮ್ಮ ದನಗಳಿಗೆ ಕೇಡು ಮಾಡಬೇಡ. ಸಿಟ್ಟಿನಿಂದ ಮಕ್ಕಳಿಗೆ ನೋವಾಗದಿರಲಿ ಎಂದು ಬೇಡುವ ಪಾಠದ ನಡುವಿನಿಂದ ಬಂದ ಐದಕ್ಷರಗಳನ್ನೇ ನೀವು ಎರಡು ತಿಂಗಳಿಂದ ಹೇಳುತ್ತಿದ್ದೀರಿ. ಆ ಸಿಟ್ಟು ರುದ್ರನೊಬ್ಬನದೇ ಎಂದು ತಿಳಿಯಬೇಕಾಗಿಲ್ಲ. ಮುಸ್ಸಂಜೆಯ ಪಡಸಾಲೆಯಲ್ಲಿ ನಮ್ಮ ನಿಮ್ಮ ಬಾಯಿಗೂ ಅದು ಬರುತ್ತದೆ. ಆ ಐದಕ್ಷರವನ್ನು ಮೊದಲು ಕೇಳಿಸಿಕೊಳ್ಳುವುದೂ ನಿಮ್ಮದೇ ಕಿವಿ.

ಮನಸ್ಸು ನಿಲ್ಲುವುದಿಲ್ಲ ಎಂಬ ದೂರಿಗೆ ನಮ್ಮ ಅಜ್ಜಿಯರ ಬಳಿ ಒಳ್ಳೆಯ ಉಪಾಯವಿತ್ತು. ಅವರು ಕೈ ಕಟ್ಟಿ ಕುಳಿತು ಪ್ರಾರ್ಥಿಸಿದ್ದು ಕಡಿಮೆ. ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ಕಲ್ಲಿನ ಸುತ್ತಿಗೆ ಸರಿಯಾಗಿ ದೇವರನ್ನೂ ತವರನ್ನೂ ಒಂದೇ ಹಾಡಿನಲ್ಲಿ ನೆನೆದರು. ಬಿಜಾಪುರದ ಸೂಫಿಗಳು ಇದನ್ನು ಚೆನ್ನಾಗಿ ಗಮನಿಸಿದ್ದರು. 17ನೆಯ ಶತಮಾನದಲ್ಲಿ ಅವರು ದಖ್ಖನಿ ಭಾಷೆಯಲ್ಲಿ ‘ಚಕ್ಕಿನಾಮಾ’ ಎಂಬ ಬೀಸುವ ಪದಗಳನ್ನು ಕಟ್ಟಿ, ದೇವರ ಹೆಸರಿನ ಸ್ಮರಣೆಯನ್ನು ಬೀಸುಕಲ್ಲಿನ ತಿರುಗಾಟಕ್ಕೆ ಹೊಂದಿಸಿದರು. ಕೈಗೆ ಒಂದು ಲಯ ಸಿಕ್ಕರೆ ಮನಸ್ಸು ಅದರ ಹಿಂದೆ ತಾನಾಗಿ ಬರುತ್ತದೆ. ಈಗ ನಿಮ್ಮ ಮನೆಯಲ್ಲಿ ಬೀಸುಕಲ್ಲು ಮೂಲೆ ಸೇರಿರಬಹುದು, ರೊಟ್ಟಿ ಬಡಿಯುವುದಂತೂ ತಪ್ಪಿಲ್ಲವಲ್ಲ? 108ರ ಲೆಕ್ಕ ಬಿಡಿ. ಹತ್ತು ರೊಟ್ಟಿ ಬಡಿಯುವಾಗ ಕೈಯ ಲಯಕ್ಕೆ ನಿಧಾನವಾಗಿ ಹೇಳಿ. ಇದು ನನ್ನ ಸ್ವಂತ ಸಲಹೆ, ಶಾಸ್ತ್ರದಲ್ಲಿ ಹುಡುಕಬೇಡಿ.

ಮಗನ ಹತ್ತಿರ ಆಡಬೇಕಾದ ಮಾತು ಇನ್ನೂ ಬಾಕಿ ಇದೆ. ದೇವರ ಮುಂದೆ 108 ಸಲ ಹೇಳಿದ್ದೀರಿ, ಅವನಿಗೆ ಒಂದು ಸಲ ಹೇಳಿದ್ದೀರಾ ಎಂಬುದನ್ನು ನಿಮ್ಮ ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ. ಹತ್ತಿರ ಕುಳಿತು, ‘ಅವತ್ತು ಹಂಗ ಅನಬಾರದಿತ್ತು, ನೀ ಬೀಳ್ತಿ ಅಂತ ಅಂಜಿ ಅಂದೆ’ ಎಂದರೆ ಸಾಕು. ಅಳುವುದು, ಆಣೆ ಇಡುವುದು ಬೇಡ. ಅವನು ಉತ್ತರ ಕೊಡದೆ ಮೊಬೈಲ್ ನೋಡುತ್ತ ಮಲಗಿದರೂ ಚಿಂತೆ ಮಾಡಬೇಡಿ, ಆ ವಯಸ್ಸಿನ ಹುಡುಗರು ಕೇಳಿಸಿಕೊಳ್ಳುವುದೇ ಹಾಗೆ. ಅತ್ತೆಯವರಿಗೆ ವಾದದಿಂದ ಉತ್ತರ ಕೊಡಲು ಹೋಗಬೇಡಿ. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗನ ತಲೆಯ ಮೇಲೆ ಕೈಯಿಟ್ಟು ಹರಸಲು ಅವರನ್ನೇ ಕೇಳಿಕೊಳ್ಳಿ. ಅಸ್ತು ದೇವತೆಗಳು ಅದೇ ಹೊತ್ತಿನಲ್ಲಿ ತಿರುಗುತ್ತಾರೆ ಎಂಬ ನಂಬಿಕೆ ಅವರದಾಗಿದ್ದರೆ, ಹರಕೆಗೂ ಅದಕ್ಕಿಂತ ಒಳ್ಳೆಯ ಹೊತ್ತು ಅವರಿಗೆ ಸಿಗಲಾರದು. ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ದಿನ ಅವನು ಮತ್ತೆ ಕಟ್ಟೆಯ ಕಡೆಗೆ ಹೊರಡುತ್ತಾನೆ, ನಿಮಗೆ ಮತ್ತೆ ಅಂಜಿಕೆಯಾಗುತ್ತದೆ. ಆಗ ‘ಹೋಗಿ ಬಾ’ ಅನ್ನಿ. ಕೈಯಲ್ಲಿ ಹಿಟ್ಟಿದ್ದರೆ ಏಳಬೇಕಾಗಿಲ್ಲ, ಅಡುಗೆಮನೆಯಿಂದಲೇ ಕೂಗಿ, ಅವನಿಗೆ ಕೇಳಿಸುವಷ್ಟು.